ಯಾರ ಬಾಯಿಂದ ಬರಬೇಕು ಆ ಮಾತು?

(ಮಾಟುಂಗದಲ್ಲಿ ಒಂದು ಭಾನುವಾರದ ಸಂಜೆ ಮುಂಬಯಿ ಕನ್ನಡಿಗರ ಕೂಟದ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ದಾರಿ ತಪ್ಪಿದ್ದ ಕೆಲವು ಕಡೆ ಸರಿಪಡಿಸಿದ್ದೇನೆ, ಕೆಲವು ಕಡೆ ಹಾಗೆಯೇ ಬಿಟ್ಟಿದ್ದೇನೆ. ಉದಾಹರಣೆಗಳಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುವ ಭಾನುವಾರ ಡೊಂಬಿವಲಿಯಿಂದ, ಮೀರಾ ರೋಡಿನಿಂದ ಇಲ್ಲಿಯವರೆಗೆ ಬಂದಿದ್ದೀರಿ. ಅಷ್ಟು ಕಷ್ಟಪಟ್ಟು ಬಂದವರಿಗೆ ಉಪದೇಶ ಮಾಡಬಾರದು. ಉಪದೇಶದಿಂದ ಜನ ಏಕೆ ಬದಲಾಗುವುದಿಲ್ಲ ಎಂಬುದರ ಬಗ್ಗೆ ಒಂದು ಗಂಟೆ ಉಪದೇಶ ಮಾಡುತ್ತೇನೆ, ಅಷ್ಟೇ.

ಮೊದಲು ಒಂದು ಆಟ ಆಡಿಸಿದೆ. ಬಹಳ ದಿನಗಳಿಂದ ಬಿಡಬೇಕೆಂದುಕೊಂಡು ಬಿಡಲಾಗದ ಒಂದು ಅಭ್ಯಾಸವನ್ನು ಪಕ್ಕದಲ್ಲಿ ಕುಳಿತವರಿಗೆ ಹೇಳಿ, ಅವರು ಮೂರು ನಿಮಿಷ ನಿಮ್ಮನ್ನು ಒಪ್ಪಿಸಲು ನೋಡಲಿ ಎಂದೆ. ಲಾಭ ಹೇಳಲಿ, ಉಪಾಯ ಹೇಳಲಿ, ಬೇಕಾದರೆ ಸ್ವಲ್ಪ ಹೆದರಿಸಲಿ. ಎರಡನೆಯ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ರಾತ್ರಿ ಹನ್ನೊಂದು ಗಂಟೆಗೆ ಫರ್ಸಾಣ್ ಎಂಬ ಖಾರದ ಕುರುಕಲು ತಿನ್ನುವ ತಮ್ಮ ಚಟವನ್ನು ಹೇಳಿಕೊಂಡರು. ಪಕ್ಕದಲ್ಲಿದ್ದವರು ಶಿಕ್ಷಕಿ. ಕೇಳಬೇಕೇ? ‘ಮನೆಗೆ ತರಲೇಬೇಡಿ.’ ‘ಮೊಮ್ಮಕ್ಕಳಿಗೆ ಬೇಕಲ್ಲ.’ ‘ಹಸಿವಾದರೆ ಸೌತೆಕಾಯಿ ತಿನ್ನಿ.’ ‘ರಾತ್ರಿ ಸೌತೆಕಾಯಿ ತಿಂದರೆ ಶೀತವಾಗುತ್ತದೆ.’ ‘ನಿಮ್ಮ ಬಿ.ಪಿ. ನೆನಪಿರಲಿ.’ ‘ನನ್ನ ಬಿ.ಪಿ. ಅಷ್ಟೇನೂ ಹೆಚ್ಚಿಲ್ಲ!’ ತಾವಾಗಿಯೇ ತಪ್ಪೊಪ್ಪಿಕೊಂಡಿದ್ದ ಸಜ್ಜನರು ಮೂರನೆಯ ನಿಮಿಷದ ಹೊತ್ತಿಗೆ ಫರ್ಸಾಣಿನ ವಕೀಲರಾಗಿದ್ದರು.

ಶಿಕ್ಷಕಿ ತಪ್ಪು ಹೇಳಿದರೇ? ಇಲ್ಲ, ಪ್ರತಿಯೊಂದು ಮಾತೂ ಸರಿಯಾಗಿತ್ತು. ಅಲ್ಲಿಯೇ ಇರುವುದು ತೊಂದರೆ. ಅಭ್ಯಾಸ ಬಿಡಬೇಕೆನ್ನುವವನ ಮನಸ್ಸಿನಲ್ಲಿ ಎರಡೂ ಕಡೆಯ ವಾದಗಳು ಮೊದಲೇ ಇರುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆ ನಮ್ಮಲ್ಲಿದೆ; ಎರಡನ್ನೂ ಒಂದೇ ನೊಗಕ್ಕೆ ಕಟ್ಟಿಕೊಂಡ ಗಾಡಿ ಅದು. ನೀವು ಹೋಗಿ ಎತ್ತಿನ ಪರ ನಿಂತರೆ, ಗಾಡಿಯವನು ಕೋಣದ ಪರ ನಿಲ್ಲದೆ ಬೇರೆ ದಾರಿಯಿಲ್ಲ. ನಿಂತು ನಾಲ್ಕು ಮಾತು ಆಡಿದ ಮೇಲೆ ತಾನು ಆಡಿದ್ದನ್ನು ತಾನೇ ನಂಬುತ್ತಾನೆ. ಮನುಷ್ಯ ತನ್ನ ಅಭಿಪ್ರಾಯವೇನೆಂದು ಎಷ್ಟೋ ಸಲ ತಿಳಿದುಕೊಳ್ಳುವುದು ತನ್ನ ಬಾಯಿಂದ ಬಂದ ಮಾತನ್ನು ಕೇಳಿಸಿಕೊಂಡೇ.

ನಾನು ಇವತ್ತು ಹೇಳಬೇಕೆಂದಿರುವ ಪದ್ಧತಿ ಹುಟ್ಟಿದ್ದು ಈ ಒಂದು ತಿಳಿವಳಿಕೆಯ ಮೇಲೆ. ಅದರ ಹೆಸರು ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. ‘ಪ್ರೇರಣಾತ್ಮಕ ಸಂದರ್ಶನ’ ಎಂದು ಅನುವಾದಿಸಿದರೆ ನೌಕರಿಯ ಸಂದರ್ಶನದ ವಾಸನೆ ಹೊಡೆಯುತ್ತದೆ. ‘ಮೋಟಿವೇಷನಲ್’ ಎಂದೊಡನೆ ಯೂಟ್ಯೂಬಿನಲ್ಲಿ ಕೂಗಾಡುವವರು ಕಣ್ಣ ಮುಂದೆ ಬರುತ್ತಾರೆ. ನಾನು ‘ಪ್ರೇರಣಾ ಸಂವಾದ’ ಎನ್ನುತ್ತೇನೆ. ಒಳ್ಳೆಯ ಪದ ಸಿಕ್ಕರೆ ನನಗೂ ಹೇಳಿ.

ಇದನ್ನು ರೂಪಿಸಿದವರು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್. 1982ರಲ್ಲಿ ಅವರು ನಾರ್ವೆಯ ಬರ್ಗೆನ್ ನಗರದ ಹತ್ತಿರದ ಒಂದು ಕುಡಿತ ಚಿಕಿತ್ಸಾಲಯಕ್ಕೆ ಹೋಗಿದ್ದರು. ಅಲ್ಲಿನ ಎಳೆಯ ಮನಶ್ಶಾಸ್ತ್ರಜ್ಞರು ತಾವು ರೋಗಿಗಳಂತೆ ನಟಿಸಿ, ಇವರು ಹೇಗೆ ಮಾತನಾಡಿಸುತ್ತಾರೆಂದು ನೋಡುತ್ತಿದ್ದರು. ನೋಡಿ ಸುಮ್ಮನಿರಲಿಲ್ಲ, ನಡುನಡುವೆ ತಡೆದು ಕೇಳಿದರು: ಈ ಪ್ರಶ್ನೆ ಏಕೆ ಕೇಳಿದಿರಿ? ಅವನು ಅಷ್ಟೆಲ್ಲ ಹೇಳಿದನಲ್ಲ, ಈ ಒಂದು ಮಾತನ್ನೇ ಏಕೆ ಎತ್ತಿಕೊಂಡಿರಿ? ತಾನು ಕೈ ಅಭ್ಯಾಸದಿಂದ ಮಾಡುತ್ತಿದ್ದುದಕ್ಕೆ ಒಂದು ನಿಯಮವಿದೆ ಎಂದು ಮಿಲ್ಲರ್ ಅವರಿಗೆ ಹೊಳೆದದ್ದು ಉತ್ತರ ಕೊಡುವ ಕಷ್ಟದಲ್ಲಿ. ಚಿಕಿತ್ಸಕ ಬದಲಾವಣೆಯ ಪರ ವಾದಿಸಬಾರದು, ಆ ವಾದ ಕುಡಿಯುವವನ ಬಾಯಿಂದಲೇ ಬರುವಂತೆ ನೋಡಿಕೊಳ್ಳಬೇಕು. 1983ರಲ್ಲಿ ಇದನ್ನು ಲೇಖನವಾಗಿ ಬರೆದರು. ಆಮೇಲೆ ದಕ್ಷಿಣ ಆಫ್ರಿಕಾ ಮೂಲದ, ವೇಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರೋಲ್ನಿಕ್ ಜೊತೆಯಾದರು. 1991ರಲ್ಲಿ ಇಬ್ಬರೂ ಸೇರಿ ಬರೆದ ಪುಸ್ತಕ ಬಂದಿತು. ಕುಡಿತದಿಂದ ಶುರುವಾದದ್ದು ತಂಬಾಕು, ಸಕ್ಕರೆ ಕಾಯಿಲೆ, ಮಾತ್ರೆ ತಪ್ಪಿಸುವುದು, ಹೀಗೆ ಹರಡಿತು.

ಅಂದಿನ ಅಮೆರಿಕದಲ್ಲಿ ಕುಡುಕನನ್ನು ಕೂರಿಸಿ ಮುಖಕ್ಕೆ ಹೊಡೆದಂತೆ ಸತ್ಯ ಹೇಳಬೇಕು, ತನಗೇನೂ ಆಗಿಲ್ಲವೆನ್ನುವ ಅವನ ‘ನಿರಾಕರಣೆ’ಯನ್ನು ಒಡೆಯಬೇಕು ಎಂಬ ನಂಬಿಕೆಯಿತ್ತು. ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕಿತ್ಸಕ ಎಷ್ಟು ಹೆಚ್ಚು ಎದುರುತ್ತರ ಕೊಟ್ಟನೋ ಒಂದು ವರ್ಷದ ನಂತರ ರೋಗಿ ಅಷ್ಟು ಹೆಚ್ಚು ಕುಡಿಯುತ್ತಿದ್ದ. ಹಟಮಾರಿ ರೋಗಿಯೇ ಚಿಕಿತ್ಸಕನನ್ನು ರೇಗಿಸಿರಬಹುದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೂ ರೇಗಿದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ ಎಂಬುದಂತೂ ಉಳಿಯಿತು.

ಜನರನ್ನು ಮಾತನಾಡಿಸಿ ನೆರವಾಗುವ ನಮ್ಮ ವೃತ್ತಿಯಲ್ಲಿ ಒಂದು ಕಾಯಿಲೆಯಿದೆ. ಎದುರಿಗಿರುವವರ ಬದುಕಿನಲ್ಲಿ ಸೊಟ್ಟಗಿರುವುದು ಕಂಡ ಕೂಡಲೇ ನೆಟ್ಟಗೆ ಮಾಡಲು ಕೈ ಹೋಗುತ್ತದೆ. ನಾನು ಇದನ್ನು ತಿದ್ದುವ ತುರಿಕೆ ಎನ್ನುತ್ತೇನೆ. ಇದು ಒಳ್ಳೆಯವರಿಗೇ ಹೆಚ್ಚು ಬರುತ್ತದೆ. ನನಗೂ ಇತ್ತು, ವಾಸಿಯಾಗಿದೆ ಎಂದು ಹೇಳಲಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಕ್ಕರೆ ಕಾಯಿಲೆಯ ಟ್ಯಾಕ್ಸಿ ಚಾಲಕರೊಬ್ಬರಿಗೆ ನಲವತ್ತು ನಿಮಿಷ ಪಾಠ ಮಾಡಿದೆ. ಕಾಲು ಕತ್ತರಿಸಬೇಕಾದೀತು ಎಂದೆ, ಚಿತ್ರ ತೋರಿಸಿದೆ. ಅವರು ಎಲ್ಲಕ್ಕೂ ‘ಹೌದು ಮೇಡಂ’ ಎಂದರು, ಎದ್ದು ಕೈಮುಗಿದರು. ಎಷ್ಟು ಚೆನ್ನಾಗಿ ಮುಟ್ಟಿತು ಎಂದು ಆ ರಾತ್ರಿ ಮನೆಯಲ್ಲಿ ಕೊಚ್ಚಿಕೊಂಡೆ. ಅವರು ಮತ್ತೆ ಬರಲಿಲ್ಲ. ನಮ್ಮ ಜನ ದೊಡ್ಡವರೆದುರು ವಾದಿಸುವುದಿಲ್ಲ. ಕೈಮುಗಿದು ಹೊರಟುಹೋಗುತ್ತಾರೆ, ಅದೇ ಅವರ ವಾದ.

ಈಗ ಒಬ್ಬರನ್ನು ಹತ್ತಿರದಿಂದ ತೋರಿಸುತ್ತೇನೆ. ಉಪನಗರದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು, ಐವತ್ತು ದಾಟಿದೆ. ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಬಂದು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಮೇಲೆ ಬಂದವರು. ಇಂಥ ಹತ್ತು ಜನರಾದರೂ ಈ ಸಭೆಯಲ್ಲೇ ಇದ್ದೀರಿ. ಕೈಯಲ್ಲಿ ಲಿವರ್ ಪರೀಕ್ಷೆಯ ವರದಿ. ಹೆಂಡತಿ ಹೊರಗಿನ ಬೆಂಚಿನ ಮೇಲೆ. ನನ್ನ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ವಿಸಿಟಿಂಗ್ ಕಾರ್ಡುಗಳನ್ನು ಅವರು ಕುಳಿತ ಕೂಡಲೇ ಎತ್ತಿಕೊಂಡು, ನೋಟಿನ ಕಟ್ಟು ಮಾಡುವಂತೆ ಒಂದೇ ಮುಖ ಮಾಡಿ ಜೋಡಿಸತೊಡಗಿದರು. ಮಾತು ಹೀಗೆ ನಡೆಯಿತು.

‘ಹೆಂಡತಿ ಕರೆದುಕೊಂಡು ಬಂದಳು.’

‘ನಿಮಗೆ ಬರುವ ಮನಸ್ಸಿರಲಿಲ್ಲ.’

‘ಹಾಗೇನಿಲ್ಲ. ಆದರೆ ನಾನು ಕುಡುಕನಲ್ಲ ಮೇಡಂ. ಶಟರ್ ಎಳೆದ ಮೇಲೆ ಒಂದು ಕ್ವಾರ್ಟರ್. ಗಲ್ಲಾದಲ್ಲಿ ಕುಳಿತಾಗ ಒಂದು ದಿನವೂ ಮುಟ್ಟಿಲ್ಲ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆಗಿಲ್ಲ.’

‘ಕೆಲಸದ ವಿಷಯದಲ್ಲಿ ನೀವು ಬಹಳ ಕಟ್ಟುನಿಟ್ಟು.’

ಕಾರ್ಡುಗಳ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡಿದರು. ‘ಆಗಿರಲಿಲ್ಲ’ ಎಂದರು. ‘ಹೋದ ತಿಂಗಳವರೆಗೆ.’

ನಾನು ಬಾಯಿ ತೆರೆಯಲಿಲ್ಲ. ಏನಾಯಿತು ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು. ಹೊರಗೆ ಒಂದು ರಿಕ್ಷಾ ಹಾರ್ನ್ ಹೊಡೆಯಿತು, ನಿಂತಿತು.

‘ಬೆಳಿಗ್ಗೆ ಕೈ ನಡುಗುತ್ತದೆ. ನೋಟು ಎಣಿಸುವಾಗ ಎರಡು ಸಲ ತಪ್ಪಿತು. ಮಾಣಿ ನೋಡಿದ.’

‘ಅವನು ನೋಡಿದ್ದು ನಿಮಗೆ ಚುಚ್ಚಿತು.’

‘ಸೇಠ್ ನೋಡಿದ್ದರೆ ಅಷ್ಟು ಅನಿಸುತ್ತಿರಲಿಲ್ಲ. ಆ ಹುಡುಗನಿಗೆ ನೋಟು ಎಣಿಸಲು ಕಲಿಸಿದವನು ನಾನು.’

ವೈದ್ಯರ ಕಾರಣ ಲಿವರ್. ಹೆಂಡತಿಯ ಕಾರಣ ಮಗಳ ಮದುವೆ. ಇವರ ಕಾರಣ ಆ ಹುಡುಗ. ನೂರು ಸಲ ಊಹಿಸಿದ್ದರೂ ನನಗೆ ಅದು ಹೊಳೆಯುತ್ತಿರಲಿಲ್ಲ. ನಾನು ಲಿವರಿನ ಚಿತ್ರ ತೆರೆದಿದ್ದರೆ ಅವರು ಕೈಮುಗಿದು ಹೋಗುತ್ತಿದ್ದರು.

ಇದರಲ್ಲಿ ನಾನು ಕೇಳಿದ ಪ್ರಶ್ನೆಗಳೆಷ್ಟು ಎಂದು ಎಣಿಸಿ. ಒಂದೂ ಇಲ್ಲ. ಅವರ ಮಾತಿನ ಅಡಿಯಲ್ಲಿದ್ದುದನ್ನು ಎತ್ತಿ ಅವರ ಮುಂದೆಯೇ ಇಟ್ಟೆ. ಈ ಪದ್ಧತಿಯಲ್ಲಿ ಇದಕ್ಕೆ ಪ್ರತಿಫಲನ ಎನ್ನುತ್ತಾರೆ, ಕೆಲಸದ ಬಹುಪಾಲು ಇದೇ. ಇದನ್ನು ಕಲಿಸುವಾಗ, ವಾಕ್ಯದ ಕೊನೆಯಲ್ಲಿ ದನಿ ಏರಬಾರದು, ಇಳಿಯಬೇಕು ಎನ್ನುತ್ತಾರೆ. ದನಿ ಏರಿದರೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ಕನ್ನಡದಲ್ಲಿ ಇದನ್ನು ಕಲಿಸುವುದು ಎಷ್ಟು ಸುಲಭ ನೋಡಿ: ಕೊನೆಯ ‘ಏ’ಕಾರವನ್ನು ಕಿತ್ತುಹಾಕಿದರೆ ಸಾಕು. ‘ನಿಮಗೆ ಬರುವ ಮನಸ್ಸಿರಲಿಲ್ಲವೇ?’ ಎಂದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ‘ಮನಸ್ಸಿರಲಿಲ್ಲ’ ಎಂದರೆ ‘ಹಾಗೇನಿಲ್ಲ’ ಎಂದು ತಾವೇ ಒಂದು ಹೆಜ್ಜೆ ಮುಂದೆ ಬರುತ್ತಾರೆ.

ಭಾಷೆಯ ಮಾತು ಬಂದದ್ದಕ್ಕೆ ಇನ್ನಷ್ಟು ಹೇಳುತ್ತೇನೆ, ಇದು ನನ್ನ ಹುಚ್ಚು. ಬದಲಾವಣೆಯ ಕಡೆಗೆ ವಾಲಿದ ಮಾತುಗಳಲ್ಲೂ ಬಗೆಗಳಿವೆ: ಆಸೆಯ ಮಾತು, ಶಕ್ತಿಯ ಮಾತು, ಕಾರಣದ ಮಾತು, ಅಗತ್ಯದ ಮಾತು, ಕೊನೆಗೆ ನಿರ್ಧಾರದ ಮಾತು. ಇಂಗ್ಲಿಷಿನಲ್ಲಿ ಆಸೆಗೂ ಅಗತ್ಯಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ನಮ್ಮ ‘ಬೇಕು’ ಎರಡನ್ನೂ ಹೊರುತ್ತದೆ. ‘ಬಿಡಬೇಕು ಮೇಡಂ’ ಎಂದಾಗ ಅದು ಅವನ ಬಯಕೆಯೋ, ಊರವರು ಅವನ ತಲೆಯ ಮೇಲೆ ಹೊರಿಸಿದ ಕರ್ತವ್ಯವೋ? ಪದದಿಂದ ಗೊತ್ತಾಗುವುದಿಲ್ಲ, ಮುಖ ನೋಡಬೇಕು. ‘ಬಿಡಬೇಕು’ ‘ಬಿಡುತ್ತೇನೆ’ ಆಗುವ ಗಳಿಗೆಗೆ ಕಿವಿ ತೆರೆದಿಟ್ಟುಕೊಂಡಿರಬೇಕು. ‘ನೋಡೋಣ’ ಎಂಬುದನ್ನು ಮಾತ್ರ ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಕನ್ನಡದಲ್ಲಿ ‘ಇಲ್ಲ’ ಎನ್ನುವ ಅತ್ಯಂತ ಸಭ್ಯ ರೀತಿ ಅದು. ಹೆಣ್ಣು ನೋಡಲು ಹೋಗಿ ಬಂದವರನ್ನು ಕೇಳಿ.

‘ಯಾಕೆ’ ಎಂಬ ಪದವೂ ಅಪಾಯದ್ದು. ‘ಯಾಕೆ ಬಿಡುವುದಿಲ್ಲ?’ ಎಂದು ಕೇಳಿದರೆ ಬಿಡದಿರಲು ಕಾರಣಗಳು ಸಾಲುಗಟ್ಟಿ ಬರುತ್ತವೆ, ಕೇಳಿದ್ದು ಅದನ್ನೇ ಅಲ್ಲವೇ. ಇದನ್ನು ತಿರುಗಿಸಲು ಒಂದು ಅಳತೆಗೋಲಿದೆ. ಗಲ್ಲಾದವರನ್ನು ಕೇಳಿದೆ: ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದಾದರೆ, ಕುಡಿತ ಬಿಡುವುದು ನಿಮಗೆ ಎಷ್ಟು ಮುಖ್ಯ? ‘ಆರು’ ಎಂದರು. ಇಲ್ಲಿ ಎಲ್ಲರ ಬಾಯಿಗೂ ಬರುವ ಪ್ರಶ್ನೆ, ‘ಹತ್ತು ಏಕಲ್ಲ?’ ಅದನ್ನು ಕೇಳಬಾರದು. ‘ಆರು ಎಂದಿರಿ, ಎರಡು ಎನ್ನಲಿಲ್ಲ. ಏಕೆ?’ ಎಂದು ಕೆಳಗಿನ ಅಂಕ ಹಿಡಿದು ಕೇಳಬೇಕು. ಆಗ ಎದುರಿನವರು ತಮ್ಮ ಆರನ್ನು ಸಮರ್ಥಿಸಿಕೊಳ್ಳುತ್ತಾರೆ. ವಾದ ಮಾಡುವ ಹಟ ಅದೇ, ಆದರೆ ಈ ಸಲ ಎತ್ತಿನ ಪರ. ಆಮೇಲೆ, ಬಿಡಬಲ್ಲೆನೆಂಬ ಧೈರ್ಯ ಎಷ್ಟು ಎಂದೆ. ‘ಮೂರು.’ ಸೊನ್ನೆ ಏಕಲ್ಲ? ಸ್ವಲ್ಪ ಹೊತ್ತು ಯೋಚಿಸಿ, ‘ಬೀಡಿ ಬಿಟ್ಟಿದ್ದೇನಲ್ಲ’ ಎಂದರು. ಫೈಲಿನಲ್ಲಿ ಎಲ್ಲಿಯೂ ಇಲ್ಲದ ಸಂಗತಿ. ಅವರಿಗೇ ಮರೆತುಹೋಗಿತ್ತು.

ಹಾಗಾದರೆ ಸಲಹೆಯನ್ನೇ ಕೊಡಬಾರದೇ? ಕೊಡಬೇಕು. ಆ ದಿನ ನಾನು ಕೊಡಲೇಬೇಕಿತ್ತು. ಬೆಳಿಗ್ಗೆ ಕೈ ನಡುಗುತ್ತದೆ ಎಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂಬುದರ ಸೂಚನೆ. ಅಂಥವರು ವೀರಾವೇಶದಲ್ಲಿ ಒಂದೇ ದಿನಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಇಂಥವರಿದ್ದರೆ ದೇವರ ಮುಂದೆ ಆಣೆ ಮಾಡಿಸುವ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಔಷಧಿಯ ನೆರವಿನಿಂದ ನಿಲ್ಲಿಸುವ ಕ್ರಮವಿದೆ. ಇದನ್ನು ಹೇಳುವುದಕ್ಕೂ ಒಂದು ರೀತಿಯಿದೆ. ಮೊದಲು ಅವರಿಗೇನು ಗೊತ್ತು ಎಂದು ಕೇಳು, ಹೇಳಲೇ ಎಂದು ಅನುಮತಿ ಪಡೆ, ಚಿಕ್ಕದಾಗಿ ಹೇಳು, ಅವರಿಗೇನನಿಸಿತು ಎಂದು ಮತ್ತೆ ಕೇಳು. ‘ಒಂದು ವಿಷಯ ಹೇಳಲೇ?’ ಎಂದಾಗ ಅವರು ಕಾರ್ಡುಗಳನ್ನು ಕೆಳಗಿಟ್ಟರು. ಬಾಗಿಲು ತಟ್ಟಿ ಒಳಗೆ ಬರುವುದಕ್ಕೂ ನುಗ್ಗುವುದಕ್ಕೂ ಇರುವ ವ್ಯತ್ಯಾಸ ಮನೆಯವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇದಕ್ಕೆಲ್ಲ ಆಧಾರವೇನು ಎಂಬವರಿಗೆ ಎರಡು ಸಂಗತಿ. ಅಮೆರಿಕದಲ್ಲಿ ಕುಡಿತದ ಮೂರು ಚಿಕಿತ್ಸೆಗಳನ್ನು ಹೋಲಿಸುವ ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಪ್ರಯೋಗ ನಡೆಯಿತು. 1,726 ಜನ ಭಾಗವಹಿಸಿದ್ದರು, 1997ರಲ್ಲಿ ಮುಖ್ಯ ಫಲಿತಾಂಶ ಬಂದಿತು. ಎರಡು ಚಿಕಿತ್ಸೆಗಳಲ್ಲಿ ಹನ್ನೆರಡು ಭೇಟಿಗಳು. ಪ್ರೇರಣಾ ಸಂವಾದವನ್ನು ಆಧರಿಸಿದ ಮೂರನೆಯದರಲ್ಲಿ ನಾಲ್ಕೇ. ಫಲ ಹೆಚ್ಚುಕಡಿಮೆ ಒಂದೇ. ಗೆದ್ದಿತು ಎಂದು ನಾನು ಹೇಳುತ್ತಿಲ್ಲ, ನಾಲ್ಕರಲ್ಲಿ ಅಷ್ಟಾಯಿತು ಎನ್ನುತ್ತಿದ್ದೇನೆ. ಭೇಟಿಯೊಂದಕ್ಕೆ ಅರ್ಧ ದಿನದ ಸಂಬಳ ಕಳೆದುಕೊಳ್ಳುವವರಿಗೆ ನಾಲ್ಕಕ್ಕೂ ಹನ್ನೆರಡಕ್ಕೂ ಬಹಳ ದೂರ.

ಎರಡನೆಯದು ನಮ್ಮ ನೆರೆಯ ಗೋವಾದ್ದು. ವಿಕ್ರಂ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ‘ಸಂಗತ್’ ಸಂಸ್ಥೆ ಅಲ್ಲಿದೆ. ಮನೋವೈದ್ಯರೂ ಅಲ್ಲದ, ಮನಶ್ಶಾಸ್ತ್ರದ ಪದವಿಯೂ ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕರ ಮಟ್ಟದಲ್ಲಿ ಕುಡಿಯುವ ಗಂಡಸರ ಜೊತೆ ಮಾತನಾಡಿಸಿದರು. ಹೆಚ್ಚೆಂದರೆ ನಾಲ್ಕು ಭೇಟಿ. ಬೆನ್ನೆಲುಬು ಇದೇ ಪ್ರೇರಣಾ ಸಂವಾದ. ಅಭಿಜಿತ್ ನಾಡಕರ್ಣಿ ಮೊದಲಾದವರು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. 377 ಜನರ ಪ್ರಯೋಗ. ಮೂರು ತಿಂಗಳ ನಂತರ ಕುಡಿತ ಅಪಾಯದ ಮಟ್ಟದಿಂದ ಕೆಳಗಿಳಿದವರು ಮಾಮೂಲು ಆರೈಕೆಯ ಗುಂಪಿನಲ್ಲಿ ಶೇಕಡಾ 26, ಅದರ ಜೊತೆಗೆ ಈ ತರಬೇತಿ ಪಡೆದವರೂ ಮಾತನಾಡಿಸಿದ ಗುಂಪಿನಲ್ಲಿ 36. ಹತ್ತು ಅಂಶಗಳ ಅಂತರ ಪವಾಡವಲ್ಲ. ಆದರೆ ಆ ಕೆಲಸ ಮಾಡಿದ್ದು ಪಕ್ಕದ ಮನೆಯವರಂಥ ಜನ ಎಂಬುದನ್ನು ನಾನು ಮರೆಯಲಾರೆ. ಈ ಊರಿನ ಕನ್ನಡ ಸಂಘಗಳಿಗೆ ನನ್ನ ಆಸೆಗಣ್ಣು ಬಿದ್ದಿರುವುದು ಇಲ್ಲಿಯೇ. ಪ್ರತಿಭಾ ಪುರಸ್ಕಾರಕ್ಕೆ, ಯಕ್ಷಗಾನಕ್ಕೆ ಒಟ್ಟಾಗುವ ನಮಗೆ, ಹೋಟೆಲ್ ಹುಡುಗರ ಮಾತು ಕೇಳಿಸಿಕೊಳ್ಳಲು ಹತ್ತು ಜನರನ್ನು ತಯಾರು ಮಾಡಲಾಗದೇ?

ಇದರ ಮಿತಿಯನ್ನೂ ಹೇಳಬೇಕು. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದೂವರೆಯವರೆಗೆ ಭಟ್ಟಿಯ ಮುಂದೆ ನಿಂತವನಿಗೆ, ಮಲಗಲು ಕೋಣೆಯೂ ಇಲ್ಲದವನಿಗೆ, ಎಷ್ಟು ನಯವಾಗಿ ಮಾತನಾಡಿಸಿದರೂ ಆ ಹನ್ನೊಂದೂವರೆ ಬದಲಾಗುವುದಿಲ್ಲ. ಎಲ್ಲವನ್ನೂ ಅವನ ಮನಸ್ಸಿನೊಳಗೆ ಹುಡುಕುವುದು ನಮಗೆ ಅನುಕೂಲ, ಅವನಿಗಲ್ಲ. ಇನ್ನೊಂದು, ಈಗೀಗ ಮಾರಾಟದ ತರಬೇತಿಗಳಲ್ಲೂ ಈ ಮಾತುಗಾರಿಕೆಯನ್ನು ಕಲಿಸುತ್ತಾರೆ. ಎದುರಿನವನ ನಿರ್ಧಾರದಿಂದ ನನ್ನ ಜೇಬು ತುಂಬುವುದಾದರೆ ಅದು ಚಿಕಿತ್ಸೆಯಲ್ಲ, ದಲ್ಲಾಳಿತನ.

ಪ್ರಶ್ನೆಗಳ ಹೊತ್ತಿಗೆ ಚಹಾ ಬಂದಿತ್ತು. ತಾಯಿಯೊಬ್ಬರು, ಮಗ ರಾತ್ರಿಯೆಲ್ಲ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುತ್ತಾನೆ, ಇದನ್ನು ಮನೆಯಲ್ಲೇ ನಾನು ಮಾಡಬಹುದೇ ಎಂದು ಕೇಳಿದರು. ನೀವು ಅವನ ತಾಯಿ, ಚಿಕಿತ್ಸಕಿಯಾಗಲು ಹೋಗಬೇಡಿ ಎಂದೆ. ಆದರೆ ಮನೆಯವರು ಮಾಡುವುದು ಬಹಳವಿದೆ. ಕುಡಿಯುವವರ ಕುಟುಂಬಕ್ಕೆಂದೇ ರೂಪಿಸಿದ ತರಬೇತಿಗಳಿವೆ. 1999ರಲ್ಲಿ ಮಿಲ್ಲರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಹೋಲಿಕೆಯಲ್ಲಿ, ಮನೆಯವರಿಗೆ ಒಳ್ಳೆಯ ಹೊತ್ತನ್ನು ಗುರುತಿಸಿ ಮೆಚ್ಚಲು, ಕೆಟ್ಟ ಹೊತ್ತಿನಲ್ಲಿ ದೂರ ಸರಿಯಲು ಕಲಿಸಿದಾಗ ಶೇಕಡಾ 64 ಮಂದಿಯನ್ನು ಚಿಕಿತ್ಸೆಗೆ ತರಲು ಆಯಿತು. ಎಲ್ಲರೂ ಸೇರಿ ಎದುರು ಕೂರಿಸಿ ಮಾತನಾಡುವ ಕ್ರಮದಲ್ಲಿ ಶೇಕಡಾ 30. ನಿಮ್ಮ ಮಗ ಆಡದೆ ಊಟಕ್ಕೆ ಬಂದ ರಾತ್ರಿ ನೀವೇನು ಮಾತನಾಡಿದಿರಿ ಎಂದು ಆ ತಾಯಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನೆಯದನ್ನು ಎತ್ತಿ ಬೈದೆ’ ಎಂದರು. ಮಾತನಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತನಾಡಬಹುದು.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು, ಎಲ್ಲರೂ ಕೇಳಬೇಕೆಂದಿದ್ದುದನ್ನು ಕೇಳಿದರು: ‘ಆ ಗಲ್ಲಾದವರು ಬಿಟ್ಟರೇ?’

ಒಂದು ಕ್ವಾರ್ಟರ್ ಎಂದದ್ದು ಮೂರನೆಯ ಭೇಟಿಯ ಹೊತ್ತಿಗೆ ಎರಡಾಗಿತ್ತು. ಕುಡಿತ ಹೆಚ್ಚಿರಲಿಲ್ಲ, ಲೆಕ್ಕ ನಿಜವಾಯಿತು. ವೈದ್ಯರ ಔಷಧಿಯೊಡನೆ ನಿಲ್ಲಿಸಿದರು. ಐದು ತಿಂಗಳು ಮುಟ್ಟಲಿಲ್ಲ. ಆಮೇಲೆ ಊರಿಗೆ ಹೋದಾಗ, ಅಣ್ಣನ ಮಗನ ಮದುವೆಯ ಹಿಂದಿನ ರಾತ್ರಿ ಶುರುವಾದದ್ದು ಮುಂಬಯಿಗೆ ಬಂದ ಮೇಲೂ ಹದಿನೈದು ದಿನ ನಡೆಯಿತು. ಮತ್ತೆ ನನ್ನ ಕೋಣೆಗೆ ಬಂದರು. ಕಾರ್ಡುಗಳನ್ನು ಮುಟ್ಟಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. ಹೊರಗಿನ ಬೆಂಚು ಖಾಲಿಯಿತ್ತು. ಹೆಂಡತಿಗೆ ತಾವು ಇಲ್ಲಿ ಬಂದದ್ದು ಗೊತ್ತಿಲ್ಲ ಎಂದರು.